ಐವತ್ತೆರಡನೇ ದಿನ, ಬೀದರ

ಹಾಲಿನ ಲೆಕ್ಕದ ವಹಿಯಲ್ಲಿ ಈಗ ಪೆಟ್ರೋಲು ಬರೆಯುತ್ತೇನೆ.
ದಿನಕ್ಕೆ ಮುನ್ನೂರು. ಅದರೊಳಗೇ ಟೊಮೇಟೊ,
ಅದರೊಳಗೇ ಸೊಳ್ಳೆಬತ್ತಿ, ಪಂಕ್ಚರು.
ಒಂದು ದಿನ ಓಡಿದರೆ ಎರಡು ದಿನ ಕೂತಿರಬೇಕು,
ಹಾಗಾಗಿ ನಾವು ಕಂಡದ್ದಕ್ಕಿಂತ ಕೂತದ್ದೇ ಹೆಚ್ಚು.

ಶಹಾಪುರದಲ್ಲಿ ಬುದ್ಧನ ಹಾಗೆ ಮಲಗಿದ ಗುಡ್ಡದ ಎದುರು
ಎರಡು ದಿನ. ಅವನಿಗೆ ಡೇರೆ ಬೇಕಿಲ್ಲ, ನಮಗೆ ಬೇಕು.
ಅದರ ಜಿಪ್ಪು ಕೆಟ್ಟಿದೆ. ವೈಜಿನಾಥ
ಗೋಣಿ ಹೊಲಿಯುವ ದಬ್ಬಣ ಹಿಡಿದು
ದಿನಾ ರಾತ್ರಿ ನಮ್ಮಿಬ್ಬರನ್ನೂ ಒಳಗಿನಿಂದಲೇ ಹೊಲಿಯುತ್ತಾನೆ,
ಬೆಳಿಗ್ಗೆ ಬಿಚ್ಚುತ್ತಾನೆ.
ಹತ್ತು ದಿನದಿಂದ ಒಂದೇ ದಾರ.

ಭೀಮೆಯ ದಂಡೆಯಲ್ಲಿ ಸ್ಟೋವು ಕೆಮ್ಮಿ ಕೆಮ್ಮಿ ಆರಿತು.
ಕಟಕ ರೊಟ್ಟಿ, ಶೇಂಗಾ ಹಿಂಡಿ,
ಗುದ್ದಿ ಒಡೆದ ಒಂದು ಉಳ್ಳಾಗಡ್ಡಿ ಇಬ್ಬರಿಗೂ.
"ಉಪ್ಪಿನ ಡಬ್ಬಿ ಎಲ್ಲಿ ಅದಾ?" ಎಂಬಲ್ಲಿ ಶುರುವಾದ ಮಾತು
ಅವನ ತಂಗಿಯ ಮದುವೆವರೆಗೂ ಹೋಗಿ ಬಂತು.
ವಹಿಯಲ್ಲಿ ಬರೆದೆ: ಜಗಳ. ಖರ್ಚು ಇಲ್ಲ.

ಮರುದಿನ ಚಿಂಚೋಳಿವರೆಗೆ
ಎರಡೂ ಕಡೆ ತೊಗರಿ, ತೊಗರಿ, ತೊಗರಿ,
ನಡುವೆ ಮಾತಾಡದ ಇಬ್ಬರು.
ಚಂದ್ರಂಪಳ್ಳಿಯ ನೀರು ಕಂಡಾಗ ಗಾಡಿ ನಿಲ್ಲಿಸಿ
ಅವನೇ ಅಂದ: "ಉಪ್ಪು ನನ್ನ ಸೀಟಿನ ಬುಡಕ ಅದಾ."
ನನಗೆ ಗೊತ್ತಿತ್ತು. ಇಟ್ಟವಳು ನಾನೇ.

ಬೀದರ ನಮ್ಮೂರು.
ನಾಂದೇಡಿನ ದಾರಿ ಅದರ ಹೊಟ್ಟೆಯೊಳಗಿಂದಲೇ ಹೋಗುವಾಗ
ಏನು ಮಾಡುವುದು? ಮನೆ ಇದೆ, ಕೀಲಿ ಇಲ್ಲ.
ಮೂರು ತಿಂಗಳಿಗೆ ಬಾಡಿಗೆ ಕೊಟ್ಟಿದ್ದೇವೆ,
ಆ ಬಾಡಿಗೆಯೇ ಈ ದಿನದ ಮುನ್ನೂರು.
ಮಾತುಕತೆ ಎಲ್ಲ ಮಾವನ ಮಗ ಘಾಳೆಪ್ಪನದು,
ಒಳಗಿದ್ದವರು ನಮ್ಮ ಮುಖ ಕಂಡಿಲ್ಲ.
"ಸುಮ್ಮ ಓಣಿ ಹಾಯ್ದು ಹೋಗೋಣು," ಅಂದ ವೈಜಿನಾಥ.
ಗಾಡಿ ನಿಂತಿತು. ಅಥವಾ ಅವನ ಕಾಲು.

ನನ್ನ ತುಳಸಿ ಎಡಕ್ಕೆ ಸರಿದು ಚಿಗುರಿದೆ,
ನನ್ನ ಕೈಯಲ್ಲಿ ಚಿಗುರದ್ದು.
ತಂತಿಯ ಮೇಲೆ ಆರು ಅಂಗಿ, ಗೇಣುದ್ದದವು.
ಹದಿನೇಳು ವರ್ಷ ಆ ತಂತಿಗೆ
ಅಷ್ಟು ಸಣ್ಣ ಅಂಗಿ ಗೊತ್ತಿರಲಿಲ್ಲ.

ಒಬ್ಬ ಹುಡುಗಿ ಬಂದಳು, ಸೊಂಟದ ಮೇಲೆ ಕೂಸು.
ಗಾಡಿಯ ನೆತ್ತಿಗೆ ಕಟ್ಟಿದ ಚಾಪೆ, ಕೊಡ, ಕರಿ ಹಂಚು ನೋಡಿ
"ಯಾವೂರವರ್ರಿ? ನೀರು ಬೇಕೇನ್ರಿ?"
ವೈಜಿನಾಥ ಕ್ಯಾನು ಮುಂದೆ ಹಿಡಿದ.
ನಮ್ಮ ನಳದ ನೀರು. ಆ ಸದ್ದು ನಾನು ಬಲ್ಲೆ,
ನಡುವೆ ಒಮ್ಮೆ ಬಿಕ್ಕುತ್ತದೆ.
ಬಿಕ್ಕಿತು.
"ಎಡಕ್ಕ ತಿರುವು, ಇಲ್ಲಾಂದ್ರ ಸೋರ್ತದ,"
ಬಾಯಿಗೆ ಬಂದದ್ದನ್ನು ನುಂಗುವಷ್ಟರಲ್ಲಿ ಅವಳೇ ತಿರುವಿದಳು
ಎಡಕ್ಕೆ, ಮೇಲೊಂದು ಗುದ್ದು, ಥೇಟ್ ನನ್ನ ಹಾಗೆ.

"ಎಲ್ಲಿಗಿ ಹೊಂಟೀರಿ?"
"ಮುಂದ," ಅಂದ ಅವನು.
"ಮನಿ ಎಲ್ರಿ?"
ಅವನು ನನ್ನ ಮುಖ ನೋಡಿದ.
"ಅದಾ," ಅಂದೆ ನಾನು, "ಬಾಡಿಗಿ ಕೊಟ್ಟೀವಿ."
ಹುಡುಗಿ ನಕ್ಕಳು: "ನಾವೂ ಬಾಡಿಗಿನೇ ನೋಡ್ರಿ."
ಕೂಸು ನನ್ನ ಬಳೆ ಹಿಡಿದು ಬಿಡಲಿಲ್ಲ,
ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಔರಾದ ರಸ್ತೆಯ ಜೋಳದ ಹೊಲದ ಬದುವಿಗೆ ಡೇರೆ.
ಬೀದರದ ಥಂಡಿ, ಹಲ್ಲು ಹಲ್ಲಿಗೆ ತಾಕುವಂಥದ್ದು.
ವೈಜಿನಾಥ ಅರ್ಧ ಹೊಲಿದು ನಿಲ್ಲಿಸಿದ.
ಉಳಿದ ಕಿಂಡಿಯಲ್ಲಿ ಊರಿನ ದೀಪಗಳು;
ಯಾವುದು ನಮ್ಮದು ಎಂದು ಅವನೂ ಕೇಳಲಿಲ್ಲ.
"ಥಂಡಿ ಬರ್ತದ, ಹೊಲಿ," ಎಂದೆ.

ವಹಿಯಲ್ಲಿ: ನೀರು, ಇಪ್ಪತ್ತು ಲೀಟರು.
ಅದರ ಕೆಳಗೆ: ನಳಕ್ಕೆ ವಾಷರು ಹಾಕಿಸಬೇಕು,
ಕೂಸು ಜಾರೀತು. ಘಾಳೆಪ್ಪಗ ಹೇಳುವುದು.